ಕುದುರೆಯ ಬಾಜಿಯೂ ಸರ್ಕಾರದ ಪಾಲೂ

ಕೊಳ್ಳೇಗಾಲ, ಹನೂರು, ಯಳಂದೂರುಗಳ ಸೀಮೆಯಲ್ಲಿ ಕುದುರೆ ಪಂದ್ಯದ ಮೈದಾನವಿಲ್ಲ. ಇರಬೇಕೆಂದು ನಾವು ಬಯಸುವವರೂ ಅಲ್ಲ. ಜೂಜಿನಿಂದ ಮನೆ ಹಾಳಾದುದಕ್ಕೆ ಧರ್ಮರಾಯನ ಮತ್ತು ನಳಮಹಾರಾಜನ ನಿದರ್ಶನಗಳನ್ನು ನಮ್ಮ ಹಳ್ಳಿಯ ಮಕ್ಕಳೂ ಬಲ್ಲರು. ಆದರೂ ಬಾಜಿಯ ತೆರಿಗೆಯ ವಿಚಾರವಾಗಿ ನಾಲ್ಕು ಮಾತು ಬರೆಯಬೇಕಾಗಿ ಬಂದಿದೆ. ಮೈಸೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಓಡುವ ಕುದುರೆಯ ಮೇಲೆ ಪಣವೊಡ್ಡುವುದಕ್ಕೆ ಈಗ ಬಸ್ಸು ಹತ್ತಬೇಕಾಗಿಲ್ಲ. ಅಂಗೈಯೊಳಗಿನ ಮೊಬೈಲು ಸಾಕು. ಮೈದಾನದಲ್ಲಿ ವಿಧಿಸಿದ ತೆರಿಗೆಯ ಪೆಟ್ಟು ಹೀಗೆ ಮೈದಾನವನ್ನೇ ಕಾಣದ ಊರುಗಳಿಗೂ ಬಂದು ತಾಗುತ್ತದೆ.

ಮೊದಲು ವಸ್ತುಸ್ಥಿತಿಯನ್ನು ನೋಡೋಣ. ರೇಸಿನ ಕ್ಲಬ್ಬು ಜನರ ಪಣವನ್ನು ಒಂದು ರಾಶಿಯಾಗಿ ಕೂಡಿಸಿ, ಅದರಲ್ಲಿ ತನ್ನ ಕಮಿಷನ್ನನ್ನು ಮುರಿದುಕೊಂಡು, ಉಳಿದುದನ್ನು ಗೆದ್ದವರಿಗೆ ಹಂಚುತ್ತದೆ. ಟೋಟಲೈಸೇಟರ್ ಎಂಬ ಯಂತ್ರದ ಕೆಲಸವೇ ಇದು. 2017ರಲ್ಲಿ ಜಿ.ಎಸ್.ಟಿ. ಬಂದಾಗ ಬಾಜಿಯ ಮೇಲೆ ನೂರಕ್ಕೆ 28ರಂತೆ ತೆರಿಗೆ ಬಿದ್ದಿತು. ಅದು ಬಿದ್ದುದು ಕ್ಲಬ್ಬಿನ ಕಮಿಷನ್ನಿನ ಮೇಲಲ್ಲ, ಪಣದ ಪೂರ್ಣ ಮುಖಬೆಲೆಯ ಮೇಲೆ. ಬೆಂಗಳೂರು ಟರ್ಫ್ ಕ್ಲಬ್ಬಿನ ಮೊಕದ್ದಮೆಯಲ್ಲಿ 2021ರ ಜೂನ್ ತಿಂಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಎಂ. ನಾಗಪ್ರಸನ್ನರು, ಕ್ಲಬ್ಬಿಗೆ ಸಲ್ಲುವುದು ಕಮಿಷನ್ನು ಮಾತ್ರವಾದುದರಿಂದ ತೆರಿಗೆಯೂ ಅದರ ಮೇಲೆಯೇ ಬೀಳತಕ್ಕದ್ದೆಂದು ತೀರ್ಪಿತ್ತರು. ಕೇಂದ್ರ ಸರ್ಕಾರದವರು 2023ರಲ್ಲಿ ಕಾನೂನನ್ನೇ ತಿದ್ದಿ, ಆ ವರ್ಷದ ಅಕ್ಟೋಬರ್ 1ರಿಂದ ಮುಖಬೆಲೆಯ ತತ್ತ್ವವನ್ನು ಭದ್ರಪಡಿಸಿದರು. 2025ರ ಸೆಪ್ಟೆಂಬರ್ 22ರಿಂದ ಪ್ರಮಾಣವನ್ನು ನೂರಕ್ಕೆ 40ಕ್ಕೆ ಏರಿಸಲಾಯಿತು. ಇದಲ್ಲದೆ, ಗೆಲುವು 10,000 ರೂಪಾಯಿಗಳನ್ನು ಮೀರಿದರೆ ಆದಾಯ ತೆರಿಗೆಯೆಂದು ನೂರಕ್ಕೆ 30ನ್ನು ಅಲ್ಲಿಯೇ ಮುರಿದುಕೊಳ್ಳುತ್ತಾರೆ.

ನಮ್ಮ ಕೊಳ್ಳೇಗಾಲದ ರೇಷ್ಮೆ ವ್ಯಾಪಾರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆ ಮಾರಿಸಿಕೊಟ್ಟ ದಲ್ಲಾಳಿಯ ವರಮಾನವೆಂದರೆ ಅವನ ದಲ್ಲಾಳಿ. ಸೀರೆಯ ಕ್ರಯವೆಲ್ಲವೂ ಅವನ ವರಮಾನವಲ್ಲ. ಕ್ರಯದ ಲೆಕ್ಕದಲ್ಲಿ ದಲ್ಲಾಳಿಗೆ ತೆರಿಗೆ ಹಾಕಿದರೆ, ಆತ ಒಂದು ವಾರದೊಳಗೆ ಅಂಗಡಿ ಮುಚ್ಚುವನು, ಇಲ್ಲವೇ ರಸೀತಿಯಿಲ್ಲದೆ ವ್ಯವಹರಿಸುವನು.

ಅಂಕಿಗಳಲ್ಲಿ ಇದನ್ನು ಪರೀಕ್ಷಿಸೋಣ. ಲೆಕ್ಕದ ಅನುಕೂಲಕ್ಕಾಗಿ ಕ್ಲಬ್ಬಿನ ಕಮಿಷನ್ನು ನೂರಕ್ಕೆ 10 ಎಂದಿಟ್ಟುಕೊಂಡರೆ, 100 ರೂಪಾಯಿ ಪಣಕ್ಕೆ ಬಾಜಿಗಾರನು ತೆರಿಗೆ ಸೇರಿಸಿ 140 ರೂಪಾಯಿ ತೆರುತ್ತಾನೆ. ಗೆದ್ದವರಿಗೆ ಹಂಚಲು ಉಳಿಯುವುದು 90. ಹೀಗಿರುವಲ್ಲಿ ಜೇಬಿನಲ್ಲಿ 100 ರೂಪಾಯಿ ಇಟ್ಟುಕೊಂಡು ಬಂದವನಿಗೆ, ಸೋಲು ಗೆಲುವುಗಳ ಸರಾಸರಿಯಲ್ಲಿ, ಮೊದಲನೆಯ ಓಟದ ತರುವಾಯ ಸುಮಾರು 64, ಎರಡನೆಯದರ ತರುವಾಯ 41, ಮೂರನೆಯದರ ತರುವಾಯ 27, ನಾಲ್ಕನೆಯದರ ತರುವಾಯ 17 ರೂಪಾಯಿ ಉಳಿಯುವುದು. ಅದೇ ನೂರಕ್ಕೆ 40ರ ತೆರಿಗೆಯನ್ನು ಕಮಿಷನ್ನಿನ ಮೇಲೆ ಮಾತ್ರ ಹಾಕಿದರೆ ಒಟ್ಟು ಮುರಿಯುವುದು 14. ನಾಲ್ಕು ಓಟ ಕಳೆದ ಮೇಲೆ ಅವನಲ್ಲಿ ಸುಮಾರು 55 ರೂಪಾಯಿ ಇರುವುದು. ಕುದುರೆಯ ವಂಶವನ್ನೂ ಜಾಕಿಯ ಕೈವಾಡವನ್ನೂ ಬಲ್ಲ ಜಾಣನೂ ಮೊದಲಿನ ಲೆಕ್ಕದಲ್ಲಿ ಗೆಲ್ಲಲಾರನು. ಕುದುರೆ ಪಂದ್ಯವು ಬರಿಯ ಅದೃಷ್ಟವಲ್ಲ, ಕೌಶಲ್ಯದ ಆಟವೆಂದು ಸುಪ್ರೀಂ ಕೋರ್ಟು 1996ರಲ್ಲಿ ಹೇಳಿತು. ಕೌಶಲ್ಯಕ್ಕೆ ಎಡೆಯನ್ನೇ ಕೊಡದ ತೆರಿಗೆಯು ಅದನ್ನು ಮತ್ತೆ ಬರಿಯ ಜೂಜಾಗಿ ಮಾಡುತ್ತದೆ.

ಇಲ್ಲಿ ಸರ್ಕಾರದ ಪಕ್ಷದ ವಾದವನ್ನೂ ಮುಚ್ಚಿಡಬಾರದು. ಮೇಲಣ ನಾಲ್ಕು ಓಟಗಳಲ್ಲಿ ಬೊಕ್ಕಸಕ್ಕೆ ಮೊದಲಿನ ಕ್ರಮದಿಂದ ಸುಮಾರು 66 ರೂಪಾಯಿ, ಎರಡನೆಯದರಿಂದ 13 ರೂಪಾಯಿ ಬರುವುದು. ಐದು ಪಾಲನ್ನು ಬಿಟ್ಟು ಒಂದು ಪಾಲನ್ನು ಯಾರು ಒಪ್ಪುವರು, ಎಂದು ಅರ್ಥಸಚಿವರು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಆದರೆ ಈ 66 ಬರುವುದು ಬಾಜಿಗಾರನು ಮೈದಾನದಲ್ಲಿಯೇ ಕುಳಿತಿದ್ದರೆ ಮಾತ್ರ. ಅವನು ಕುಳಿತಿರುವುದಿಲ್ಲ.

ಅವನು ಹೋಗುವುದೆಲ್ಲಿಗೆ? ಕಳ್ಳ ಬುಕ್ಕಿಯ ಬಳಿಗೆ. ಕಳ್ಳ ಬುಕ್ಕಿಗೆ ತೆರಿಗೆಯಿಲ್ಲ, ರಸೀತಿಯಿಲ್ಲ. ನೂರಕ್ಕೆ 40ರ ಅಂತರವನ್ನು ಸರ್ಕಾರವೇ ಅವನ ಕೈಗೆ ಕೊಟ್ಟಿರುವಾಗ, ಅದರಲ್ಲಿ ಅರ್ಧವನ್ನು ಗಿರಾಕಿಗೆ ಬಿಟ್ಟುಕೊಟ್ಟರೂ ಅವನು ಶ್ರೀಮಂತನಾಗುವನು. ಮೈದಾನದ ಕಿಟಕಿಯಲ್ಲಿ ರೊಕ್ಕವಿದ್ದರೆ ಟಿಕೆಟ್ಟು. ಕಳ್ಳ ಬುಕ್ಕಿಯಾದರೋ ಸಾಲವನ್ನೂ ಕೊಡುವನು. ಮಗ್ಗದ ಕೂಲಿಯವನಾಗಲಿ ಕಾಲೇಜಿನ ಹುಡುಗನಾಗಲಿ ಆ ಸಾಲದಲ್ಲಿ ಸಿಕ್ಕಿಬಿದ್ದರೆ, ವಸೂಲಿಗೆ ಬರುವವರು ಕೋರ್ಟಿನ ಅಮೀನರಲ್ಲ. ತೆರಿಗೆಯನ್ನು ಏರಿಸಿದವರು ಈ ಬಡವನನ್ನು ಜೂಜಿನಿಂದ ಬಿಡಿಸಿದೆವೆಂದು ಹಿಗ್ಗುತ್ತಿರಬಹುದು. ಅವನನ್ನು ಬಿಡಿಸಿದುದು ಕಾನೂನಿನ ಕಣ್ಣಿನಿಂದ ಮಾತ್ರ. ಕ್ಲಬ್ಬಿನ ಆವರಣವೇ ಇದಕ್ಕೆ ಹೊರತಲ್ಲ: 2024ರ ಜನವರಿಯಲ್ಲಿ ತೆರಿಗೆ ತಪ್ಪಿಸಿದ ಆಪಾದನೆಯ ಮೇಲೆ ಪೋಲೀಸರು ಬೆಂಗಳೂರಿನ ರೇಸು ಮೈದಾನದ ಬುಕ್ಕಿಗಳ ಕಟ್ಟೆಗಳನ್ನು ಶೋಧಿಸಬೇಕಾಯಿತು.

ಪಣದ ರಾಶಿ ಕರಗಿದರೆ ಕ್ಲಬ್ಬಿನ ಕಮಿಷನ್ನೂ ಕರಗುತ್ತದೆ. ಓಟದ ಬಹುಮಾನ ಹುಟ್ಟುವುದು ಮುಖ್ಯವಾಗಿ ಆ ಕಮಿಷನ್ನಿನಿಂದ. ಬಹುಮಾನ ಇಳಿದರೆ ಕುದುರೆ ಸಾಕುವವನು ಹಿಂದೆಗೆಯುವನು. ಲಾಯದ ಆಳು, ಲಾಳ ಹೊಡೆಯುವವನು, ಹುಲ್ಲು ಹುರುಳಿ ಒದಗಿಸುವ ರೈತ, ಇವರ ಅನ್ನಕ್ಕೆ ಕುಂದು ಬರುವುದು ಆಮೇಲೆ. 1891ರಲ್ಲಿ ಹುಟ್ಟಿದ ಮೈಸೂರು ರೇಸ್ ಕ್ಲಬ್ಬಿನ ಮಟ್ಟಿಗೂ ಈ ಮಾತು ಸಲ್ಲುತ್ತದೆ.

ಹೊರನಾಡುಗಳ ಅನುಭವವೂ ಇದನ್ನೇ ಹೇಳುತ್ತದೆ. ಬ್ರಿಟನ್ನಿನಲ್ಲಿ ಬುಕ್ಕಿಗಳು ತೆರಿಗೆ ತಪ್ಪಿಸಿಕೊಳ್ಳಲು ವ್ಯಾಪಾರವನ್ನು ಜಿಬ್ರಾಲ್ಟರಿನಂಥ ಕಡೆಗೆ ಒಯ್ದಾಗ, ಅಲ್ಲಿನ ಸರ್ಕಾರವು 2001ರ ಅಕ್ಟೋಬರಿನಲ್ಲಿ ಪಣದ ಮೇಲಣ ತೆರಿಗೆಯನ್ನು ತೆಗೆದು, ಬುಕ್ಕಿಯ ಒಟ್ಟು ಲಾಭದ ಮೇಲೆ ನೂರಕ್ಕೆ 15ರಂತೆ ಹಾಕಿತು. ಹಾಂಗ್‌ಕಾಂಗಿನಲ್ಲಿ 1997ರ ತರುವಾಯ ವರ್ಷವರ್ಷವೂ ಪಣ ಇಳಿಯುತ್ತಿತ್ತು. 2006ರಲ್ಲಿ ಅಲ್ಲಿಯೂ ತೆರಿಗೆಯನ್ನು ಪಣದಿಂದ ಕ್ಲಬ್ಬಿನ ಉಳಿಕೆಗೆ ವರ್ಗಾಯಿಸಿದರು. ಉಳಿಕೆಯ ಮೇಲಣ ಆ ತೆರಿಗೆ ನೂರಕ್ಕೆ 72.5ರಿಂದ ಮೊದಲಾಗುತ್ತದೆ, ಮೃದುವಾದುದೇನೂ ಅಲ್ಲ. ಆದರೂ ಪಣ ಚೇತರಿಸಿಕೊಂಡು, ಎಂಟು ವರ್ಷಗಳೊಳಗೆ ಹಳೆಯ ಗರಿಷ್ಠವನ್ನೂ ದಾಟಿತು. ಪ್ರಮಾಣಕ್ಕಿಂತಲೂ ತೆರಿಗೆ ಯಾವುದರ ಮೇಲೆ ನಿಲ್ಲುತ್ತದೆಂಬುದೇ ಮುಖ್ಯವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಹಾಂಗ್‌ಕಾಂಗಿನವರೆಗೆ ಹೋಗುವುದೂ ಬೇಡ. ನಮ್ಮ ಕೌಟಿಲ್ಯನು ಜೂಜಿಗೊಬ್ಬ ಅಧ್ಯಕ್ಷನನ್ನು ನೇಮಿಸಿ, ಅದು ಒಂದೇ ಕಡೆ ನಡೆಯತಕ್ಕದ್ದೆಂದೂ, ಬೇರೆಡೆ ಆಡಿದವನಿಗೆ 12 ಪಣ ದಂಡವೆಂದೂ, ಗೆದ್ದುದರಲ್ಲಿ ರಾಜನಿಗೆ ನೂರಕ್ಕೆ 5 ಎಂದೂ ವಿಧಿಸಿದನು. ಗುಪ್ತವಾಗಿ ಜೀವಿಸುವವರನ್ನು ಕಂಡುಹಿಡಿಯುವುದು ಅವನ ಒಂದು ಉದ್ದೇಶವಾಗಿತ್ತು. ಜೂಜನ್ನು ಅವನು ಪುಣ್ಯಕಾರ್ಯವೆಂದು ಬಗೆದವನಲ್ಲ, ಕಣ್ಣೆದುರಿಗಿರಲಿ ಎಂದವನು.

ಆದುದರಿಂದ ಜಿ.ಎಸ್.ಟಿ. ಮಂಡಲಿಯಲ್ಲಿ ಕುಳಿತಿರುವ ನಮ್ಮ ರಾಜ್ಯದ ಸಚಿವರಿಗೆ ನಾವು ಹೇಳುವುದಿಷ್ಟೆ. ಕುದುರೆಯ ಬಾಜಿಯು ಪಾಪವೆಂದು ನಿಶ್ಚಯವಾಗಿದ್ದರೆ ಧೈರ್ಯವಾಗಿ ನಿಷೇಧಿಸಿರಿ. ನಾವು ಅಡ್ಡ ಬರುವುದಿಲ್ಲ. ಲೈಸೆನ್ಸು ಕೊಟ್ಟು ನಡೆಸುವುದಾದರೆ ತೆರಿಗೆಯನ್ನು ಕ್ಲಬ್ಬಿನ ಕಮಿಷನ್ನಿನ ಮೇಲೆ ನಿಲ್ಲಿಸಿರಿ. ನೂರಕ್ಕೆ 40 ಸಾಲದಾದರೆ, ಅಗತ್ಯವಾದಂತೆ ಕಾನೂನನ್ನು ತಿದ್ದಿ, ಇನ್ನೂ ಹೆಚ್ಚಾಗಿಯೇ ಹಾಕಿರಿ. ಎರಡು ವರ್ಷ ಹೀಗೆ ನಡೆಯಲಿ. ಕ್ಲಬ್ಬುಗಳು ಪಣದ ಮೊತ್ತವನ್ನೂ ಕೊಟ್ಟ ತೆರಿಗೆಯನ್ನೂ ತಿಂಗಳು ತಿಂಗಳಿಗೆ ಪ್ರಕಟಿಸಲಿ. ವಂಚಿಸಿದವರ ಲೈಸೆನ್ಸು ರದ್ದಾಗಲಿ. ಕೆಚ್ಚಲು ಕೊಯ್ದವನಿಗೆ ಹಾಲು ಸಿಕ್ಕುವುದಿಲ್ಲವೆಂಬ ಮಾತು ಹಳೆಯದು. ಇಲ್ಲಿ ಹಾಲು ಹೋದುದಷ್ಟೇ ಅಲ್ಲ, ಹಸುವೇ ಕಳ್ಳನ ಕೊಟ್ಟಿಗೆಗೆ ನಡೆದಿದೆ.