ನಿಂತ ಬೆಳಿಯಾಗ ಟ್ರ್ಯಾಕ್ಟರ್

ಪುಕ್ಕಟೆ ಬ್ಲಾಗ್ ಬರೆಯುವವರ ಮೇಲೆ ಕಂಪನಿ ಯಾವ ಪ್ರಯೋಗ ಬೇಕಾದರೂ ಮಾಡಲಿ, ನನ್ನ ತಕರಾರಿಲ್ಲ. ನನ್ನ ಜಗಳ ಇರೋದು ವರ್ಷದ ರೊಕ್ಕ ಮುಂಗಡ ತಗೊಂಡು ಅದೇ ಪ್ರಯೋಗ ಮಾಡುವವರ ಜೊತೆ.

ನಮ್ಮ ಕಮಲಾಪುರದ ಕಡೆ ಹೊಲ ಲಾವಣಿಗೆ ಕೊಡ್ತಾರ. ವರ್ಷಕ್ಕ ಇಷ್ಟು ಅಂತ ಮಾತಾದ ಮೇಲೆ, ತೊಗರಿ ನಿಂತಾಗ ಮಾಲಕ ಟ್ರ್ಯಾಕ್ಟರ್ ತಂದು 'ಇನ್ನೂ ಚಂದ ಮಾಡಿಕೊಡ್ತೀನಿ' ಅಂತ ಹೊಡೆಯೋದಿಲ್ಲ. ಹೊಡೆದರ ಊರ ಮಂದಿ ಸುಮ್ನಿರ್ತಾರೇನ್ರಿ? ನಾನು ರೊಕ್ಕ ಕೊಟ್ಟು ಬರೆಯುವ ಬ್ಲಾಗಿನಾಗ ಇದು ನಡೀತದ. ಮ್ಯಾಲೆ ಅದಕ್ಕ 'ಹೊಸ ಅನುಭವ' ಅಂತ ಹೆಸರು ಬೇರೆ.

ಹಳೆಯ ಎಡಿಟರ್ ಅಂದರೆ ಬರೀ ಒಂದು ಖಾಲಿ ಚೌಕ. ಕಲಬುರಗಿಯಿಂದ ಊರಿಗೆ ಹೋಗೋ ಬಸ್ಸಿನಲ್ಲಿ ನೆಟ್‌ವರ್ಕ್ ಹೋಗಿ ಬಂದು ಮಾಡಿದರೂ ಬರೆಯಬಹುದಿತ್ತು. ಹೊಸದರಲ್ಲಿ ಪ್ಯಾರಾಕ್ಕೊಂದು ಬ್ಲಾಕ್; ಸಿಗ್ನಲ್ ಹೋದರೆ ಚಕ್ರ ತಿರುಗ್ತಾ ಕೂಡ್ತದ. ಅದನ್ನಾದರೂ ತಡ್ಕೋಬಹುದು. ಆದರೆ ಹಳೆಯ ಬರಹಗಳನ್ನು ಹೊಸ ವ್ಯವಸ್ಥೆಗೆ ಸಾಗಿಸುವಾಗ, ಅಕ್ಷರಗಳ ನಡುವೆ ಕಣ್ಣಿಗೆ ಕಾಣದಂತೆ ಕೂತಿರುವ ಯುನಿಕೋಡ್ ಚಿಹ್ನೆಗಳನ್ನು ಕಸ ಅಂತ ಗುಡಿಸಿಬಿಟ್ಟಾರ. ಇಂಗ್ಲಿಷಿಗೆ ಅವು ಕಸ ಇರಬಹುದು. ಕನ್ನಡಕ್ಕೆ ಅವು ಬೇಕು. 'ಸಾಫ್ಟ್‌ವೇರ್' ಹೋಗಿ 'ಸಾಫ್ಟ್ವೇರ್' ಆಯಿತು, ಅಕ್ಷರದ ಕೆಳಗೆ ಒತ್ತುಗಳ ಗೊಂಚಲು ಜೋತುಬಿತ್ತು. 'ರ‍್ಯಾಂಕ್' ಇದ್ದದ್ದು 'ರ್ಯಾಂಕ್' ಆಯಿತು. ನಮ್ಮೂರ ಹಿರಿಯರ ಮಾತನ್ನು ಅವರು ಆಡಿದಂಗ ಬರೆದಿಟ್ಟ ಎಂಟು ವರ್ಷದ ಬರಹ ಅದು. ಅಂಥ ಬರಹಕ್ಕೆ ಅರ್ಧಕ್ಕೆ ನಿಲ್ಲುವ ವ್ಯಂಜನ ಬೇಕೇ ಬೇಕು. ಸಪೋರ್ಟಿಗೆ ಬರೆದರೆ ಬಂದ ಉತ್ತರ: ಬ್ರೌಸರಿನ ಕ್ಯಾಶ್ ಅಳಿಸಿ ನೋಡಿ.

ನಾನೂ ಕೋಡ್ ಬರೆದೇ ಉಣ್ಣೋನು, ಒಳಗ ಏನು ನಡೀತದ ಅಂತ ಗೊತ್ತು. ಹಳೆ ಕೋಡ್ ಜೋಪಾನ ಮಾಡಿದವನಿಗೆ ಪ್ರಮೋಷನ್ ಸಿಗೋದಿಲ್ಲ, ಹೊಸದು ಲಾಂಚ್ ಮಾಡಿದವನಿಗೆ ಸಿಗ್ತದ. ಮೀಟಿಂಗಿನಲ್ಲಿ ಎಲ್ಲರೂ ಮಾತಾಡೋದು ಇನ್ನೂ ಬರದ ಗಿರಾಕಿಯ ಬಗ್ಗೆ. ಬಂದು ರೊಕ್ಕ ಕಟ್ಟಿ ಕೂತವನು ಎಲ್ಲಿ ಹೋಗ್ತಾನ ಅಂತ ಧೈರ್ಯ.

'ಬ್ಯಾಡಾದ್ರ ಬಿಟ್ಟು ಹೋಗು' ಅನ್ನೋ ಗೆಳೆಯರಿದ್ದಾರೆ. ಟೈಪ್‌ಪ್ಯಾಡ್ ನೆನಪಿಸಿಕೊಳ್ಳಲಿ. 2003ರಲ್ಲಿ ಶುರುವಾದ, ರೊಕ್ಕ ಕಟ್ಟಿ ಬರೆಯುವ ಸೇವೆ ಅದು. 2025ರ ಆಗಸ್ಟ್ ಕೊನೆಗೆ ಸುದ್ದಿ ಹೇಳಿ, ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಎರಡು ದಶಕದ ಬರಹ ಹೊತ್ತುಕೊಂಡು ಹೋಗಲು ಸಿಕ್ಕಿದ್ದು ಸುಮಾರು ಒಂದು ತಿಂಗಳು. ಹೋದರೂ ಹಳೆಯ ಲಿಂಕುಗಳು ಸತ್ತವು. ನಮ್ಮ ಗುಲ್ಬರ್ಗಾ 2014ರ ನವೆಂಬರ್ 1ಕ್ಕೆ ಕಲಬುರಗಿ ಆಯಿತು. ಹಳೆ ಹೆಸರು ಬರೆದ ಲಕೋಟೆ ಇವತ್ತಿಗೂ ಮನೆಗೆ ಮುಟ್ತದ. ಪೋಸ್ಟ್‌ಮ್ಯಾನ್‌ಗೆ ಇರೋ ಸೌಜನ್ಯ ಸರ್ವರಿಗೆ ಕಲಿಸೋದು ಕಷ್ಟವೇನಲ್ಲ.

ರೊಕ್ಕ ಕಟ್ಟಿದ ಅವಧಿ ಮುಗಿಯೋತನಕ ಹಳೆ ಎಡಿಟರ್ ಇರಲಿ. ಗುಡಿಸುವ ಮುಂಚಿನ ಬರಹದ ಪೂರಾ ಪ್ರತಿ ಕೊಡಲಿ, ಬ್ಯಾಕಪ್ ಅವರ ಹತ್ತಿರ ಇದ್ದೇ ಇರ್ತದ. ಹಳೆ ಲಿಂಕ್ ಒತ್ತಿದರೆ ಹೊಸ ಪುಟಕ್ಕೆ ಹೋಗಲಿ. ಇದನ್ನ ಒಬ್ಬ ಫ್ರೆಶರ್‌ಗೆ ಕೊಟ್ಟರೂ ಸಂಜೀಯೊಳಗ ಮುಗಿಸ್ತಾನ. ಎರಡು ತಿಂಗಳಾಯ್ತು, ಯಾವುದಕ್ಕೂ ಉತ್ತರ ಇಲ್ಲ. ರಿನ್ಯೂವಲ್ ಮೇಲ್ ಮಾತ್ರ ತಪ್ಪದೆ ಬಂದದ, ದರ ಏರಿಸಿ. ಕಾರ್ಡಿನ ಆಟೋ-ಡೆಬಿಟ್ ತೆಗೆಸೀನಿ.