ಲೆಕ್ಕಕ್ಕೆ ಬಾರದ ಪುಸ್ತಕ

ಶಕುಂತಲಾದೇವಿಯವರ ಹೆಸರು ಕಿವಿಗೆ ಬಿದ್ದೊಡನೆ ಯಾರಿಗಾದರೂ ನೆನಪಾಗುವುದು ಅಂಕೆಗಳೇ. 1929ರಲ್ಲಿ ಬೆಂಗಳೂರಿನ ಬಡಕುಟುಂಬವೊಂದರಲ್ಲಿ, ಸರ್ಕಸ್ಸಿನಲ್ಲಿ ದುಡಿಯುತ್ತಿದ್ದವರ ಮಗಳಾಗಿ ಹುಟ್ಟಿದ ಆಕೆ 1977ರಲ್ಲಿ ಅಮೆರಿಕದ ಡಲ್ಲಾಸ್ ನಗರದಲ್ಲಿ 201 ಅಂಕೆಗಳುಳ್ಳ ಸಂಖ್ಯೆಯೊಂದರ 23ನೆಯ ಮೂಲವನ್ನು 50 ಸೆಕೆಂಡುಗಳಲ್ಲಿ ಹೇಳಿದರು. ಲೋಕ ಬೆರಗಾಯಿತು.

ಅದೇ ವರ್ಷ ಆಕೆಯ ಇಂಗ್ಲಿಷ್ ಗ್ರಂಥವೊಂದು ಹೊರಬಂದಿತು. ಅದರಲ್ಲಿ ಗಣಿತವಿರಲಿಲ್ಲ. ‘ದಿ ವರ್ಲ್ಡ್ ಆಫ್ ಹೋಮೋಸೆಕ್ಷುಯಲ್ಸ್’ ಎಂಬ ಆ ಗ್ರಂಥ ಸಲಿಂಗಪ್ರೇಮಿಗಳ ಬದುಕನ್ನು ಕುರಿತದ್ದು. ಆ ವಿಷಯದಲ್ಲಿ ನಮ್ಮ ದೇಶದ ಮೊದಮೊದಲ ಅಧ್ಯಯನಗಳಲ್ಲೊಂದು. ಲೇಖಕಿ ಗ್ರಂಥಾಲಯದ ಪುಸ್ತಕಗಳನ್ನಷ್ಟೇ ನೆಚ್ಚಿ ಕೂಡಲಿಲ್ಲ, ಜನರನ್ನೇ ಕಂಡು ಮಾತನಾಡಿಸಿದರು. ಹಾಗೆ ಕಂಡವರಲ್ಲಿ ಶ್ರೀರಂಗದ ದೇವಾಲಯದ ಸಂಸ್ಕೃತ ಪಂಡಿತರೂ ಒಬ್ಬರು. ಮಡಿವಂತ ವೈಷ್ಣವರಿಂದ ಎಂತಹ ಉತ್ತರ ಬಂದೀತೆಂದು ಯಾರಾದರೂ ಊಹಿಸಬಹುದು. ಆದರೆ ಆ ಊಹೆ ತಪ್ಪು. ಇವರು ಪೂರ್ವಜನ್ಮದಲ್ಲಿ ಗಂಡುಹೆಣ್ಣುಗಳಾಗಿ ಪ್ರೀತಿಸಿದವರಿರಬೇಕು, ದೇಹ ಬದಲಾದರೂ ಆತ್ಮ ತನ್ನ ನಂಟನ್ನು ಬಿಟ್ಟಿಲ್ಲ ಎಂಬುದು ಅವರ ಅಭಿಪ್ರಾಯವಾಗಿತ್ತು. ವಕೀಲರಿಗೆ ಹೊಳೆಯದ ವಾದ!

ವಕೀಲರ ಕೈಯಲ್ಲಿದ್ದುದು 1860ರ ದಂಡಸಂಹಿತೆಯ 377ನೆಯ ವಿಧಿ. ಮೆಕಾಲೆಯ ಕಾಲದ ಆ ಕಾನೂನಿನಲ್ಲಿ ಜೀವಾವಧಿಯವರೆಗೂ ಶಿಕ್ಷೆ ವಿಧಿಸಲು ಅವಕಾಶವಿತ್ತು. ಅದನ್ನು ತೆಗೆದುಹಾಕಬೇಕೆಂದೂ, ಇಂತಹವರಿಗೆ ಬೇಕಾದುದು ಕನಿಕರವಲ್ಲ, ಸಮಾಜದ ಪೂರ್ಣ ಒಪ್ಪಿಗೆಯೆಂದೂ ಆಕೆ ನಿಸ್ಸಂಕೋಚವಾಗಿ ಬರೆದರು. ಜನರು ಆ ಮಾತಿಗೆ ಕಿವಿಗೊಡಲಿಲ್ಲ.

2008ರಲ್ಲಿ ಬೆಂಗಳೂರಿನ ಬೀದಿಯಲ್ಲೇ ಸಲಿಂಗಪ್ರೇಮಿಗಳೂ ಲಿಂಗಪರಿವರ್ತಿತರೂ ತಲೆಯೆತ್ತಿ ಮೆರವಣಿಗೆ ಹೊರಟರು. ಕೆಲವರು ಮುಖವಾಡ ತೊಟ್ಟಿದ್ದರೆ ಆಶ್ಚರ್ಯವೇನು, ಮನೆಗೆ ಹಿಂದಿರುಗಬೇಕಲ್ಲವೆ? ಮರುವರ್ಷ ದೆಹಲಿಯ ಉಚ್ಚ ನ್ಯಾಯಾಲಯ, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದಿತು. ಆ ತೀರ್ಪು ಶಕುಂತಲಾದೇವಿಯವರು ಬದುಕಿರುವಾಗಲೇ ಬಂದಿತು. 2013ರ ಏಪ್ರಿಲಿನಲ್ಲಿ ಅವರು ಬೆಂಗಳೂರಿನಲ್ಲಿ ತೀರಿಕೊಂಡರು; ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅಪರಾಧದ ಹಣೆಪಟ್ಟಿ ಕಳಚಲು 2018ರ ಸೆಪ್ಟೆಂಬರ್ 6ರವರೆಗೆ ಕಾಯಬೇಕಾಯಿತು. ವಿವಾಹದ ಹಕ್ಕನ್ನು ಮಾತ್ರ 2023ರಲ್ಲಿ ಅದೇ ನ್ಯಾಯಾಲಯ ಕೊಡಲೊಪ್ಪದೆ, ಅದು ಶಾಸನಸಭೆಗೆ ಸೇರಿದ ವಿಷಯವೆಂದಿತು.

ಆಕೆಯ ಲೆಕ್ಕದ ಒಗಟುಗಳ ಪುಸ್ತಕಗಳನ್ನು ತಂದೆತಾಯಿಗಳು ಮಕ್ಕಳಿಗೆ ಅಕ್ಕರೆಯಿಂದ ಕೊಂಡು ತರುತ್ತಾರೆ. ಅದೇ ಕಪಾಟಿನಲ್ಲಿ ಈ ಇನ್ನೊಂದು ಪುಸ್ತಕ ಎಷ್ಟು ಮನೆಗಳಲ್ಲಿದ್ದೀತು?