ಅಪ್ಪನ ಎರಡು ಚೀಟಿ

ಕಳೆದ ಹಂಗಾಮಿನಲ್ಲಿ ಕಬ್ಬಿನ ಬದುವಿನ ಮೇಲೆ ಕುಳಿತಿದ್ದ ಅಪ್ಪ ಎದ್ದು ನಿಂತವರೇ ಕಣ್ಣುಕತ್ತಲೆ ಬಂದು ಕುಸಿದರು. 'ಬಿಸಲಿಗೆ ಹಿಂಗಾಗೇತಿ' ಎಂದಳು ಅವ್ವ. ನಾವೂ ನಂಬಿದೆವು. ಎರಡನೇ ಸಲ ಬಿದ್ದದ್ದು ಬಚ್ಚಲಲ್ಲಿ. ಅಲ್ಲಿ ಯಾವ ಬಿಸಿಲು?

ಅಪ್ಪನಿಗೆ ಬಿಪಿಯೂ ಇದೆ, ಶುಗರ್ರೂ ಇದೆ. ಬಿಪಿ ಗುಳಿಗೆ ರಾಯಬಾಗದ ಡಾಕ್ಟರದ್ದು, ಶುಗರ್ ಗುಳಿಗೆ ಮಿರಜಿನದ್ದು. ನಿಪ್ಪಾಣಿಯವರು ಕೊಲ್ಹಾಪುರಕ್ಕೆ ಓಡಿದರೆ ಕಾಗವಾಡ, ಅಥಣಿ, ರಾಯಬಾಗದವರು ಮಿರಜಿಗೆ ಓಡುತ್ತೇವೆ. ಅಲ್ಲಿ ಮರಾಠಿಯಲ್ಲಿ ಹೇಳಿದ್ದನ್ನು ಅಪ್ಪ ಅರ್ಧ ತಿಳಿದುಕೊಂಡು ಬಂದಿದ್ದರು.

ಹೊಸ ಗುಳಿಗೆಯ ಹೆಸರು ಡಾಪಾಗ್ಲಿಫ್ಲೋಜಿನ್. ಅದು ಹೆಚ್ಚಿನ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಸಕ್ಕರೆಯ ಜೊತೆ ನೀರು, ಉಪ್ಪೂ ಹೋಗುವುದರಿಂದ ಬಿಪಿ ತುಸು ಇಳಿಯುತ್ತದೆ. ರಾಯಬಾಗದ ಗುಳಿಗೆಯೂ ಮೈಯ ನೀರು ಇಳಿಸುವ ಜಾತಿಯದೇ! ಪೈಪಿನಲ್ಲಿ ನೀರು ಕಡಿಮೆಯಾದರೆ ಒತ್ತಡ ಬೀಳುತ್ತದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವನು ನಾನು, ಮನೆಯಲ್ಲಿ ಹೊಳೆಯಲಿಲ್ಲ. ಒಬ್ಬರ ಚೀಟಿಯನ್ನು ಇನ್ನೊಬ್ಬರಿಗೆ ನಾವು ತೋರಿಸಿರಲಿಲ್ಲ, ಅವರೂ ಕೇಳಿರಲಿಲ್ಲ.

ಹಾಗಂತ ಆ ಗುಳಿಗೆ ಕೆಟ್ಟದ್ದಲ್ಲ. ಈ ಗುಂಪಿನ ಔಷಧಗಳು ಹೃದಯ ವೈಫಲ್ಯದಿಂದ ಆಸ್ಪತ್ರೆ ಸೇರುವುದನ್ನು ತಗ್ಗಿಸುತ್ತವೆಂದು ದೊಡ್ಡ ಪ್ರಯೋಗಗಳು ತೋರಿಸಿವೆ. ಇದಕ್ಕೆ ತದ್ವಿರುದ್ಧ ರೋಸಿಗ್ಲಿಟಜೋನ್. ಶುಗರ್ ಚೆನ್ನಾಗಿಯೇ ಇಳಿಸುತ್ತಿತ್ತು. ಆದರೆ ಹೃದಯಾಘಾತದ ಅಪಾಯ ಹೆಚ್ಚಿಸುತ್ತದೆಂಬ ಆತಂಕ 2007ರಲ್ಲಿ ಎದ್ದು, 2010ರಲ್ಲಿ ಭಾರತ ಅದನ್ನು ನಿಷೇಧಿಸಿತು. ಅಂದರೆ ಶುಗರ್ ರಿಪೋರ್ಟ್ ಒಂದನ್ನೇ ನೋಡಿ ನೆಮ್ಮದಿಪಡುವಂತಿಲ್ಲ. ಈ ಗುಳಿಗೆ ಹೃದಯಕ್ಕೇನು ಮಾಡುತ್ತದೆ, ಬಿಪಿಗೇನು ಮಾಡುತ್ತದೆ ಎಂದೂ ಕೇಳಬೇಕು.

ಕೇಳಬೇಕಾದವರು ಯಾರು? ನಾವೇ. ಖಾಲಿ ಸ್ಟ್ರಿಪ್ ಹಿಡಿದು ಮೆಡಿಕಲ್‌ಗೆ ಹೋಗುವವರು ನಾವು ತಾನೆ. ಮೊಬೈಲ್ ಕೊಳ್ಳಲು ವಾರಗಟ್ಟಲೆ ಹೋಲಿಕೆ ಮಾಡುವ ನಾವು, ಅಪ್ಪ ನುಂಗುವ ಗುಳಿಗೆಯ ಹೆಸರನ್ನೂ ಓದುವುದಿಲ್ಲ. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್ ಪೇಟೆಂಟ್ ಮುಗಿದು ಬೆಲೆ ಭಾರೀ ಇಳಿದಿದೆ. ಇನ್ನು ಇಂಥ ಗುಳಿಗೆಗಳು ಹಳ್ಳಿಹಳ್ಳಿಯ ಮನೆಗೂ ಬರುತ್ತವೆ. ಬರಲಿ. ಆದರೆ ಮನೆಯಲ್ಲಿ ಆಗಲೇ ಯಾವ ಗುಳಿಗೆಗಳಿವೆ ಎಂದು ಡಾಕ್ಟರಿಗೆ ಹೇಳುವವರು ಬೇಕಲ್ಲ?

ಬಿದ್ದ ಮೇಲೆ 'ಎಲ್ಲಾ ಗುಳಿಗಿ ಬಿಟ್ಟುಬಿಡತೇನಿ' ಎಂದು ಅಪ್ಪ ಹಟ ಹಿಡಿದಿದ್ದರು. ಅದು ಇನ್ನೂ ಅಪಾಯ. ಎರಡೂ ಚೀಟಿ ಹಿಡಿದು ನಾನೇ ಜೊತೆಗೆ ಹೋದೆ. ಡಾಕ್ಟರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಬಿಪಿ ಗುಳಿಗೆಯ ಪ್ರಮಾಣ ಇಳಿಸಿದರು. ಐದು ನಿಮಿಷದ ಕೆಲಸ. ಈಗ ಅಪ್ಪನ ಚೀಟಿಗಳೆಲ್ಲ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ, ಪಹಣಿ ಪತ್ರಗಳ ಜೊತೆಗೇ ಇವೆ.